ಐದನೇ ಗೇರ್ ಆಮೇಲೆ, ಮೊದಲು ಬ್ರೇಕ್

1/10
ಮೊದಲ ಫೋಟೋದಾಗ ಇರೋದು ಒಂದು ಆರ್‌ಎಕ್ಸ್ 100. ಪೇಂಟ್ ಹೊಸದು, ಸೀಟ್ ಹೊಸದು, ಸೈಲೆನ್ಸರ್ ಹೊಸದು. ಇಂಜಿನ್ ಒಳಗ ನಾಲ್ಕು ಗೇರಿನ ಬದಲು ಐದು ಗೇರಿನ ಸೆಟ್. ಮುಂದಿನ ಬ್ರೇಕ್ ಲಿವರ್ ಹಿಡಿದರ ಮಾತ್ರ ಅದು ಸೀದಾ ಹೋಗಿ ಹ್ಯಾಂಡಲ್ ಗ್ರಿಪ್ಪಿಗೆ ಮುಟ್ಟತೈತಿ. ಗಾಡಿ ಯಾರದು ಅಂತ ಕೇಳಬ್ಯಾಡ್ರಿ, ನಂಬರ್ ಪ್ಲೇಟ್ ಮುಚ್ಚೀನಿ. ನಿಮ್ಮ ಓಣಿಯಾಗೂ ಇಂಥದ್ದೊಂದು ಐತಿ, ನಮ್ಮ ಕಾಲೇಜ್ ಪಾರ್ಕಿಂಗ್‌ನಾಗೂ ಐತಿ.

ಈ ಸೀರೀಸ್ ಓದಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರ್ತೈತಿ. ಬರಲಿ. ಹತ್ತು ಫೋಟೋ ಮುಗಿಯೋತನ ಸ್ವೈಪ್ ಮಾಡಿ, ಆಮೇಲೆ ಬೈಯ್ರಿ.

ನನ್ನ ವಾದ ಒಂದೇ. ಹಳೇ ಗಾಡಿಯ ಗೇರ್‌ಬಾಕ್ಸ್ ಬದಲಾಯಿಸೋದು ಕಟ್ಟಕಡೆಯ ಕೆಲಸ. ನಾವು ಅದನ್ನು ಮೊದಲ ಕೆಲಸ ಮಾಡಿಕೊಂಡಿದ್ದೇವೆ. ಯಾಕಂದ್ರ ಐದನೇ ಗೇರ್ ರೀಲ್‌ನಾಗ ಕಾಣ್ತೈತಿ, ಕೇಳ್ತೈತಿ. ಬ್ರೇಕ್ ಶೂ ಕಾಣಂಗಿಲ್ಲ. ಬೇರಿಂಗ್ ಕಾಣಂಗಿಲ್ಲ. ಕಾಣದೇ ಇರೋದಕ್ಕ ರೊಕ್ಕ ಹಾಕಲಿಕ್ಕೆ ಯಾರಿಗೂ ಮನಸ್ಸಿಲ್ಲ. ಆದರೆ ಅಡ್ಡ ಒಂದು ಎಮ್ಮೆ ಬಂದಾಗ ನಿಮ್ಮನ್ನು ಉಳಿಸೋದು ಆ ಕಾಣದೇ ಇರೋ ಸಾಮಾನೇ.

2/10
ಮೊದಲು ಈ ಗಾಡಿಗೆ ಒಂದು ನಮಸ್ಕಾರ. ಆರ್‌ಎಕ್ಸ್ 100 ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ, ತಯಾರಿಕೆ ನಿಂತದ್ದು 1996ರಲ್ಲಿ. 98 ಸಿಸಿ, ಎರಡು ಸ್ಟ್ರೋಕ್, ಸುಮಾರು 11 ಹಾರ್ಸ್‌ಪವರ್, ನಾಲ್ಕು ಗೇರ್. ಅಂದ್ರ ಇವತ್ತು ರಸ್ತೆಯಲ್ಲಿ ಓಡಾಡೋ ಅತಿ ಹೊಸ ಆರ್‌ಎಕ್ಸ್ 100 ಕೂಡ ಈ ಪೋಸ್ಟ್ ಓದ್ತಿರೋ ಬಹಳ ಮಂದಿಗಿಂತ ವಯಸ್ಸಿನಲ್ಲಿ ದೊಡ್ಡದು. ನಿಮ್ಮ ಅಣ್ಣನ ವಯಸ್ಸಿನ ಗಾಡಿ. ಕೆಲವರಿಗೆ ಕಾಕಾನ ವಯಸ್ಸಿಂದು.

ಅದು ಹಗುರ ಗಾಡಿ. ಹಗುರ ಇದ್ದದ್ದಕ್ಕೇ ಅಷ್ಟು ಸಣ್ಣ ಇಂಜಿನ್ನಿನಲ್ಲಿ ಅಷ್ಟು ಪಿಕಪ್. ಆ ಇಂಜಿನ್ನಿಗೆ, ಆ ತೂಕಕ್ಕೆ, ಆ ಡ್ರಮ್ ಬ್ರೇಕಿಗೆ, ಆ ಸಣ್ಣ ಟೈರಿಗೆ ಲೆಕ್ಕ ಹಾಕಿಯೇ ನಾಲ್ಕು ಗೇರ್ ಕೊಟ್ಟಿದ್ದರು. ಎಲ್ಲವೂ ಒಂದಕ್ಕೊಂದು ಮಾತಾಡಿಕೊಂಡು ಇರೋ ಮನೆ ಅದು. ಆಮೇಲೆ ಅದೇ ಮನೆತನದ 135 ಸಿಸಿ ಗಾಡಿಗಳಿಗೆ ಐದು ಗೇರ್ ಬಂತು. ಅಲ್ಲಿಂದ ಶುರುವಾಯ್ತು ನಮ್ಮ ಹುಡುಗರ ಹುಚ್ಚು: "ಅದರ ಐದು ಗೇರ್ ಕಿತ್ತು ಇದರೊಳಗ ಹಾಕು."

ಹಾಕಲಿಕ್ಕೆ ಬರ್ತೈತಿ. ಬರಂಗಿಲ್ಲ ಅಂತ ನಾನು ಹೇಳ್ತಾ ಇಲ್ಲ. ಒಳ್ಳೆ ಕೈ ಇರೋ ಮೆಕ್ಯಾನಿಕ್ ಹಾಕಿಕೊಟ್ಟ ಗಾಡಿ ಚೆನ್ನಾಗಿ ಓಡ್ತೈತಿ, ಅದೂ ಖರೆ. ಆದರೆ ಬರ್ತೈತಿ ಅನ್ನೋದು ಬೇರೆ, ಬೇಕು ಅನ್ನೋದು ಬೇರೆ, ಮೊದಲು ಬೇಕು ಅನ್ನೋದು ಇನ್ನೂ ಬೇರೆ. ಈ ಮೂರನ್ನೂ ಕಲಸಿ ಒಂದೇ ಉಂಡಿ ಕಟ್ಟಿ ನಿಮಗ ಮಾರಾಕತ್ತಾರ.

3/10
"ಐದನೇ ಗೇರ್ ಹಾಕ್ಸಿದೆ, ಪವರ್ ಜಾಸ್ತಿ ಆತು ದೋಸ್ತ." ಈ ಮಾತು ಸುಳ್ಳು. ಸಿಟ್ಟಾಗಬ್ಯಾಡ್ರಿ, ಲೆಕ್ಕ ನೋಡ್ರಿ.

ಗೇರ್ ಪವರ್ ಹುಟ್ಟಿಸಂಗಿಲ್ಲ. ಪವರ್ ಹುಟ್ಟೋದು ಪಿಸ್ಟನ್ ಮೇಲೆ. ಗೇರ್ ಅದನ್ನು ಹಂಚುತ್ತದೆ ಅಷ್ಟೇ: ಜೋರು ಬೇಕಾ, ವೇಗ ಬೇಕಾ ಅಂತ. ಗಂಗಾವತಿ ಕಡೆ ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರ್ ನೋಡಿಲ್ಲೇನು? ಕಬ್ಬಿಣದ ಗಾಲಿ ಹಾಕಿಕೊಂಡು ಸಣ್ಣ ಗೇರಿನಲ್ಲಿ ಆಮೆಯ ಹಂಗ ಹೋಗ್ತದ, ಆದರೆ ಯಾವ ಕೆಸರಿಗೂ ಸೋಲಂಗಿಲ್ಲ. ಅದೇ ಟ್ರ್ಯಾಕ್ಟರ್ ಟೈರ್ ಹಾಕಿಕೊಂಡು ದೊಡ್ಡ ಗೇರಿನಲ್ಲಿ ಡಾಂಬರ್ ರಸ್ತೆ ಮೇಲೆ ಭತ್ತದ ಚೀಲ ಎಳಕೊಂಡು ಓಡ್ತದ. ಇಂಜಿನ್ ಅದೇ. ಡೀಸೆಲ್ ಅದೇ. ಹಂಚಿಕೆ ಮಾತ್ರ ಬೇರೆ.

ಈಗ ನಿಮ್ಮ 11 ಹಾರ್ಸ್‌ಪವರ್ ತಗೊಳ್ರಿ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾಗುವ ಪವರ್ ವೇಗದ ಘನದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋಗಬೇಕಂದ್ರ ವೇಗ ಕಾಲುಭಾಗ ಏರಿತು, ಆದರೆ ಗಾಳಿಗೆ ಬೇಕಾದ ಪವರ್ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಆ ಎರಡನೇ ಪಟ್ಟು ಎಲ್ಲಿಂದ ತರ್ತೀರಿ? ಐದನೇ ಗೇರಿನಿಂದಲ್ಲ. ಹಿಂಗಾಗೇ ಬಹಳ ಗಾಡಿಗಳಲ್ಲಿ ಐದಕ್ಕೆ ಹಾಕಿದ ಕೂಡಲೇ ಇಂಜಿನ್ ಕೆಮ್ಮುತ್ತದೆ, ಎದುರು ಗಾಳಿ ಬಂದರೆ ಮತ್ತೆ ನಾಲ್ಕಕ್ಕೆ ಬರಬೇಕಾಗುತ್ತದೆ. ಮೀಟರ್ ಮೇಲಿನ ಮುಳ್ಳಿಗೆ ನಿಮ್ಮ ರೊಕ್ಕ ಗೊತ್ತಾಗಂಗಿಲ್ಲ, ಗಾಳಿ ಮಾತ್ರ ಗೊತ್ತಾಗ್ತೈತಿ.

4/10
ಇನ್ನೊಂದು ಪ್ರಶ್ನೆ. ನೀವು ಹಾಕಿಸಿದ ಐದು ಗೇರಿನ ಸೆಟ್‌ನ ಹಲ್ಲು ಎಣಿಸಿದ್ದೀರೇನು?

ಐದು ಗೇರ್ ಅಂದ್ರ ಎರಡು ಥರ ಇರಬಹುದು. ಒಂದು, ಕೊನೇ ಗೇರ್ ಹಳೇ ನಾಲ್ಕನೇ ಗೇರಿನಷ್ಟೇ ಇದ್ದು ನಡುವಿನ ಮೆಟ್ಟಿಲುಗಳು ಹತ್ತಿರ ಹತ್ತಿರ ಬರೋದು. ಇದರಿಂದ ಟಾಪ್ ಸ್ಪೀಡ್ ಏರಂಗಿಲ್ಲ, ಗೇರ್ ಬದಲಿಸುವಾಗ ಇಂಜಿನ್ ಬಿಗಿ ಬಿಡದೇ ಎಳೀತೈತಿ. ಇನ್ನೊಂದು, ಕೊನೇ ಗೇರ್ ಖರೇನೇ ಉದ್ದ ಆಗೋದು. ಇದರಿಂದ ಅದೇ ವೇಗಕ್ಕೆ ಇಂಜಿನ್ ಕಡಿಮೆ ಸುತ್ತುತ್ತದೆ, ಆದರೆ ಎಳೆಯುವ ಜೋರೂ ಕಡಿಮೆ ಆಗುತ್ತದೆ. ನಿಮ್ಮದು ಯಾವುದು? ಗೊತ್ತಿಲ್ಲ ಅಂದ್ರ ನೀವು ಗೇರ್ ಖರೀದಿ ಮಾಡಿಲ್ಲ, ಬರೀ ಅಂಕಿ ಖರೀದಿ ಮಾಡೀರಿ.

ಹೈವೇ ಮೇಲೆ ಇಂಜಿನ್ ಭಾಳ ಚೀರ್ತೈತಿ ಅನ್ನೋದೇ ನಿಮ್ಮ ತೊಂದರೆ ಆಗಿದ್ರ, ಇಂಜಿನ್ ಬಿಚ್ಚದೇ ಮಾಡೋ ದಾರಿ ಒಂದೈತಿ. ಉದಾಹರಣೆಗೆ ಮುಂದಿನ ಸ್ಪ್ರಾಕೆಟ್ 14 ಹಲ್ಲು, ಹಿಂದಿನದು 42 ಅಂತ ಇಟ್ಕೊಳ್ರಿ. ಭಾಗಾಕಾರ 3. ಮುಂದೆ ಒಂದೇ ಹಲ್ಲು ಏರಿಸಿ 15 ಹಾಕಿದ್ರ 2.8. ಅದೇ ವೇಗಕ್ಕೆ ಇಂಜಿನ್ ಸುತ್ತು ನೂರಕ್ಕೆ ಸುಮಾರು 7ರಷ್ಟು ಇಳೀತು. ಪಿಕಪ್ ಸ್ವಲ್ಪ ಕಡಿಮೆ ಆಗ್ತೈತಿ, ಅದು ಅದರ ಬೆಲೆ. ಬ್ಯಾಡಾತು ಅಂದ್ರ ಮತ್ತೆ ಹಳೇದನ್ನೇ ಹಾಕಬಹುದು. ಒಂದು ಮಧ್ಯಾಹ್ನದ ಕೆಲಸ.

ಐದು ಗೇರಿಗೆ ಹಂಗಲ್ಲ. ಇಂಜಿನ್ ಕೆಳಗಿಳಿಸಬೇಕು, ಕ್ರ್ಯಾಂಕ್‌ಕೇಸ್ ಎರಡು ಹೋಳು ಮಾಡಬೇಕು, ಗೇರ್ ಶಾಫ್ಟ್, ಶಿಫ್ಟ್ ಡ್ರಮ್, ಫೋರ್ಕ್ ಎಲ್ಲಾ ಬದಲಾಗಬೇಕು. ಅಷ್ಟು ಬಿಚ್ಚಿದ ಮೇಲೆ ಹಳೇ ಬೇರಿಂಗ್, ಹಳೇ ಆಯಿಲ್ ಸೀಲ್ ಅಲ್ಲೇ ಬಿಟ್ಟು ಮುಚ್ಚಿದರೆ ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಮುಚ್ಚೋರು ಎಷ್ಟು ಮಂದಿ ಅಂತ ನಿಮ್ಮ ದೋಸ್ತರನ್ನೇ ಕೇಳಿ ನೋಡ್ರಿ.

5/10
"ನಾನೇನು ಗೇರ್ ಕೇಳ್ತಾ ಇಲ್ಲ, ನನಗ ಆಟೋಮ್ಯಾಟಿಕ್ ಬೇಕು" ಅನ್ನೋರಿಗೆ ಈ ಫೋಟೋ. ಇದು ಮೈಸೂರಿನ ಮಗ.

1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಗಾಡಿಗಳಲ್ಲಿ ಕಿಕ್ ಹೊಡೆಯೋ ಲಿವರ್ರೇ ಗೇರ್ ಹಾಕೋ ಲಿವರ್. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರ, ಜಾವಾದಲ್ಲಿ ಅರ್ಧ ಆಟೋಮ್ಯಾಟಿಕ್ ಕ್ಲಚ್ ಇತ್ತು. ಕಾಲಿನಿಂದ ಗೇರ್ ಲಿವರ್ ಒತ್ತಿದ ಕೂಡಲೇ ಒಳಗಿನ ಒಂದು ಕ್ಯಾಮ್ ತಾನೇ ಕ್ಲಚ್ಚನ್ನು ಬಿಡಿಸುತ್ತಿತ್ತು. ಓಡೋ ಗಾಡಿಯಲ್ಲಿ ಕೈಯಿಂದ ಕ್ಲಚ್ ಹಿಡಿಯದೇ ಗೇರ್ ಬದಲಿಸಬಹುದಿತ್ತು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಂದು ಉಕ್ಕಿನ ಕ್ಯಾಮ್, ಒಂದು ಪುಶ್ ರಾಡ್, ಸರಿಯಾದ ಅಡ್ಜಸ್ಟ್‌ಮೆಂಟ್. ಅಷ್ಟೇ.

ಆ ಅಡ್ಜಸ್ಟ್‌ಮೆಂಟ್ ಮಾಡೋಕೆ ತಾಳ್ಮೆ ಬೇಕು. ತಾಳ್ಮೆ ಇಲ್ಲದವರು ಏನು ಮಾಡಿದರು? "ಇದು ಕಿರಿಕಿರಿ" ಅಂತ ಹೇಳಿ ಆ ವ್ಯವಸ್ಥೆಯನ್ನೇ ಕೆಲಸ ಮಾಡದ ಹಂಗ ಮಾಡಿ ಕೊಟ್ಟರು. ಇವತ್ತು ಎಷ್ಟೋ ಹಳೇ ಗಾಡಿಗಳ ಯಜಮಾನರಿಗೆ ತಮ್ಮ ಗಾಡಿಯಲ್ಲಿ ಅಂಥದ್ದೊಂದು ಇತ್ತು ಅನ್ನೋದೇ ಗೊತ್ತಿಲ್ಲ. ಇದ್ದ ಜಾಣತನ ತೆಗೆದು ಹಾಕೋದು, ಆಮೇಲೆ ಹೊರಗಿನಿಂದ ಜಾಣತನ ಖರೀದಿ ಮಾಡಲಿಕ್ಕೆ ಹೋಗೋದು. ಇದಕ್ಕ ಅಪ್‌ಗ್ರೇಡ್ ಅಂತೀರೇನು? ಮನೆಯ ಬಾವಿ ಮುಚ್ಚಿ ಕ್ಯಾನ್ ನೀರು ತರಿಸಿದ ಹಂಗಾತು.

ಹಳೇ ಗಾಡಿ ಕೈಗೆ ಬಂದಾಗ ಮೊದಲ ಪ್ರಶ್ನೆ "ಇದಕ್ಕ ಏನು ಹಾಕಿಸಲಿ" ಅಲ್ಲ. "ಇದರಲ್ಲಿ ಏನಿತ್ತು, ಈಗ ಏನು ಕೆಟ್ಟೈತಿ" ಅನ್ನೋದು.

6/10
ಈಗ ಅಮೆರಿಕಕ್ಕ ಹೋಗೋಣ. ನಿಮ್ಮ ರೀಲ್ ತುಂಬ ಅವೇ ಅದಾವ: ಮಸ್ಟಾಂಗ್, ಕಮಾರೋ, ಆ ಸಿನಿಮಾದ ಕರೀ ಡಾಡ್ಜ್ ಚಾರ್ಜರ್. 1960ರ ದಶಕದ ಮಸಲ್ ಕಾರ್‌ಗಳು. "ಅವರು ಹಳೇ ಕಾರಿಗೆ ಹೊಸ ಗೇರ್‌ಬಾಕ್ಸ್ ಹಾಕ್ತಾರಲ್ಲ, ನಾವ್ಯಾಕ ಹಾಕಬಾರದು?" ಒಳ್ಳೆ ಪ್ರಶ್ನೆ. ಅವರು ಹೆಂಗ ಹಾಕ್ತಾರ ನೋಡ್ರಿ.

ಆ ಕಾಲದ ಎಷ್ಟೋ ಷೆವ್ರೊಲೆ ಕಾರುಗಳಲ್ಲಿ ಪವರ್‌ಗ್ಲೈಡ್ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇತ್ತು. ಗೇರ್ ಎಷ್ಟು ಗೊತ್ತೇನು? ಎರಡೇ ಎರಡು. ಈಗಿನವರು ಅದನ್ನು ತೆಗೆದು, 1982ರಲ್ಲಿ ಬಂದ 700ಆರ್4 ಅನ್ನೋ ನಾಲ್ಕು ಗೇರಿನ ಆಟೋಮ್ಯಾಟಿಕ್ ಹಾಕ್ತಾರ. ಅದರ ನಾಲ್ಕನೇ ಗೇರ್ 0.70, ಅಂದ್ರ ಹಿಂದಿನ ಶಾಫ್ಟ್ 100 ಸುತ್ತು ತಿರುಗಿದಾಗ ಇಂಜಿನ್ 70 ಸುತ್ತು ತಿರುಗಿದರೆ ಸಾಕು. ಅಲ್ಲಿ ಆ ಬದಲಾವಣೆಗೆ ಅರ್ಥ ಐತಿ. ದೊಡ್ಡ ಇಂಜಿನ್, ಜೋರು ಮಿಕ್ಕಿ ಚೆಲ್ಲುತ್ತದೆ, ಉದ್ದನೆಯ ಗೇರ್ ಎಳೆಯೋ ತಾಕತ್ತು ಅದಕ್ಕೈತಿ.

ಆದರೂ ಬರೀ ಡಬ್ಬಿ ಬದಲಿಸಿ ಸೆಲ್ಫಿ ತಗೊಳ್ಳಲ್ಲ. ಗೇರ್‌ಬಾಕ್ಸ್ ಹೊರೋ ಅಡ್ಡಪಟ್ಟಿ ಸರಿಸಬೇಕು. ಪ್ರೊಪೆಲ್ಲರ್ ಶಾಫ್ಟ್ ಉದ್ದ ಅಳೆಯಬೇಕು. ಟಾರ್ಕ್ ಕನ್ವರ್ಟರ್ ಇಂಜಿನ್ನಿಗೆ ಹೊಂದಬೇಕು. ಗೇರ್ ಆಯಿಲ್ ತಂಪು ಮಾಡೋ ಕೂಲರ್ ಬೇಕು. ಸ್ಪೀಡೋಮೀಟರ್ ಸರಿಮಾಡಬೇಕು. ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗೋ ಒಂದು ಕೇಬಲ್ ಐತಿ. ಅದರ ಎಳೆತ ತಪ್ಪಿದರೆ ಒಳಗಿನ ಆಯಿಲ್ ಪ್ರೆಶರ್ ಸಾಕಾಗದೇ ಕ್ಲಚ್‌ಗಳು ಸುಟ್ಟು ಹೊಸ ಗೇರ್‌ಬಾಕ್ಸ್ ಸ್ವಲ್ಪ ದಿನದಾಗ ಗುಜರಿಗೆ ಹೋಗ್ತೈತಿ. ಬುದ್ಧಿ ಇದ್ದವರು ಇದರ ಜೊತೆಗೇ ಹಳೇ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕ್ತಾರ.

ರೀಲ್‌ನಾಗ ಇದೆಲ್ಲ ಮೂವತ್ತು ಸೆಕೆಂಡ್. ಗ್ಯಾರೇಜ್‌ನಾಗ ವಾರಗಟ್ಟಲೆ. ನಾವು ನಕಲು ಮಾಡಿದ್ದು ಮೂವತ್ತು ಸೆಕೆಂಡನ್ನ.

7/10
ಬ್ರೇಕಿನ ಮಾತಿಗೆ ಬರೋಣ. ಇಡೀ ಸೀರೀಸ್ ಬರೆದಿದ್ದೇ ಇದಕ್ಕಾಗಿ.

1983ರಲ್ಲಿ ನಮ್ಮ ದೇಶಕ್ಕೆ ರಾಜ್‌ದೂತ್ 350 ಬಂತು. ಎರಡು ಸಿಲಿಂಡರ್, ಆರು ಗೇರ್, ಆ ಕಾಲಕ್ಕೆ ಮೈ ಜುಮ್ಮೆನ್ನಿಸೋ 30 ಹಾರ್ಸ್‌ಪವರ್. ಮೂಲ ಜಪಾನಿ ಗಾಡಿಯ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಇತ್ತು. ನಮ್ಮಲ್ಲಿ ಅದನ್ನು ತೆಗೆದು ಡ್ರಮ್ ಕೊಟ್ಟರು. ಓಡೋದು ಜೋರು, ನಿಲ್ಲೋದು ಮಾತ್ರ ಕಡಿಮೆ. ಆ ಗಾಡಿಗೆ ಇವತ್ತಿಗೂ ಎರಡು ಹೆಸರು ಅದಾವ: ಒಂದು ರಾಜ, ಇನ್ನೊಂದು ಯಮ.

ನೀವು ಆರ್‌ಎಕ್ಸ್‌ಗೆ ಐದನೇ ಗೇರ್ ಹಾಕಿ ಹಳೇ ಬ್ರೇಕ್ ಬಿಟ್ಟಾಗ ಮಾಡೋದೂ ಅದೇ ತಪ್ಪನ್ನ. ಅವರು ಕಾರ್ಖಾನೆಯಲ್ಲಿ ಮಾಡಿದ್ದನ್ನು ನೀವು ಓಣಿಯ ಗ್ಯಾರೇಜಿನಲ್ಲಿ ಮಾಡ್ತೀರಿ.

ಲೆಕ್ಕ ಸರಳ. ಗಂಟೆಗೆ 80 ಅಂದ್ರ ಒಂದು ಸೆಕೆಂಡಿಗೆ 22 ಮೀಟರ್. ಕಣ್ಣು ನೋಡಿ, ತಲೆ ತಿಳಿದು, ಕೈ ಬ್ರೇಕ್ ಹಿಡಿಯೋದರಾಗೇ ಅಷ್ಟು ದೂರ ಹೋಗಿಬಿಟ್ಟಿರ್ತೀರಿ. ಆಮೇಲೆ ಬ್ರೇಕ್ ಕೆಲಸ ಶುರು. 60ರಲ್ಲಿ ಓಡೋ ಗಾಡಿಯನ್ನು ನಿಲ್ಲಿಸಲು ಬ್ರೇಕ್ ಎಷ್ಟು ಶಕ್ತಿ ನುಂಗಬೇಕೋ, 90ರಲ್ಲಿ ಓಡೋ ಅದೇ ಗಾಡಿಗೆ ಅದರ ಎರಡೂಕಾಲು ಪಟ್ಟು ನುಂಗಬೇಕು. ವೇಗ ಒಂದೂವರೆ ಪಟ್ಟು, ಕೆಲಸ ಎರಡೂಕಾಲು ಪಟ್ಟು. ನಿಮ್ಮ ಸವೆದ ಶೂ, ಬಿರುಕು ಬಿಟ್ಟ ಟೈರ್, ಹಿಗ್ಗಿದ ಬ್ರೇಕ್ ಕೇಬಲ್ ಈ ಲೆಕ್ಕಕ್ಕೆ ಒಪ್ಪತಾವೇನು?

ನಮ್ಮ ರಸ್ತೆಗಳು ನಿಮಗ ಗೊತ್ತು. ಹಿಟ್ನಾಳ ಹತ್ತಿರ ಹೈವೇಗೆ ಸೇರಿದ ಕೂಡಲೇ ಲಾರಿಗಳ ಸಾಲು. ಗಂಗಾವತಿ ಕಡೆ ಸುಗ್ಗಿಯಾಗ ಭತ್ತ ಹೇರಿದ ಟ್ರಾಲಿ, ಹಿಂದೆ ಲೈಟ್ ಇದ್ರ ಐತಿ ಇಲ್ಲಂದ್ರ ಇಲ್ಲ. ಹುಲಿಗೆಮ್ಮನ ಗುಡಿಗೆ ಹುಣ್ಣಿಮೆ ದಿನ ಹೆಣ್ಣುಮಕ್ಕಳು, ಮುದುಕರು, ಸಣ್ಣ ಮಕ್ಕಳು ರಸ್ತೆ ಅಂಚಿನಲ್ಲೇ ನಡಕೊಂಡು ಬರ್ತಾರ. ಅವರ್ಯಾರೂ ನಿಮ್ಮ ಐದನೇ ಗೇರಿಗೆ ಲೈಕ್ ಕೊಟ್ಟಿಲ್ಲ. ಆದರೆ ಅದರ ಮುಂದೆ ಅವರೇ ಇರ್ತಾರ.

8/10
ಕಾಯ್ದೆ. ಬೋರ್ ಅನ್ನಿಸಿದ್ರೂ ಓದ್ರಿ, ಯಾಕಂದ್ರ ಸಿಕ್ಕಿಬಿದ್ದಾಗ ಯಾವ ಇನ್‌ಫ್ಲುಯೆನ್ಸರೂ ನಿಮ್ಮ ಜೊತೆ ಸ್ಟೇಷನ್‌ಗೆ ಬರಂಗಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳೋದು ಇಷ್ಟು: ತಯಾರಕರು ಕೊಟ್ಟ ವಿವರಕ್ಕೆ ಆರ್‌ಸಿಯಲ್ಲಿನ ವಿವರ ಹೊಂದದ ಹಂಗ ಗಾಡಿಯನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದೇ ಗಾಡಿ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳ ತನಕ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಮಾಲೀಕ ಅಂದ್ರ ಯಾರು? ಆರ್‌ಸಿ ತೆಗೆದು ನೋಡ್ರಿ. ಬಹಳ ಮಂದಿದು ಅಪ್ಪನ ಹೆಸರಿನಾಗ ಐತಿ.

"ಒಳಗಿನ ಗೇರ್ ಯಾರಿಗೆ ಕಾಣ್ತೈತಿ?" ಅಂತೀರಿ. ಗೇರ್ ಕಾಣಂಗಿಲ್ಲ, ಖರೆ. ಆದರೆ ಎಷ್ಟೋ ಕಡೆ ಗೇರ್ ಸೆಟ್ ಒಂದೇ ಹಾಕಂಗಿಲ್ಲ, ಗುಜರಿಯಿಂದ ಐದು ಗೇರಿನ ಇಡೀ ಕ್ರ್ಯಾಂಕ್‌ಕೇಸ್ ತಂದು ಕೂರಿಸ್ತಾರ. ಇಂಜಿನ್ ನಂಬರ್ ಪಂಚ್ ಆಗಿರೋದು ಆ ಕ್ರ್ಯಾಂಕ್‌ಕೇಸ್ ಮೇಲೆಯೇ. ಅಂದ್ರ ನಿಮ್ಮ ಗಾಡಿಯ ಇಂಜಿನ್ ನಂಬರ್ ಒಂದು, ಆರ್‌ಸಿಯಲ್ಲಿ ಇರೋದು ಇನ್ನೊಂದು. ಆ ಕ್ರ್ಯಾಂಕ್‌ಕೇಸ್ ಯಾವ ಊರಿನ ಯಾರ ಕಳುವಾದ ಗಾಡಿಯದು ಅಂತ ನಿಮಗ ಗೊತ್ತೈತೇನು? ಕೊಟ್ಟವನಿಗೂ ಗೊತ್ತಿರಂಗಿಲ್ಲ.

ಮತ್ತೆ ನೆನಪಿರಲಿ: ನೋಂದಣಿ ಮೊದಲ ಸಲಕ್ಕೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಎಲ್ಲಾ ಆರ್‌ಎಕ್ಸ್ 100ಗಳೂ ಆ ವಯಸ್ಸು ಎಂದೋ ದಾಟ್ಯಾವ. ಕೊಪ್ಪಳದ ಆರ್‌ಟಿಒ ಮುಂದೆ ಕೆಎ-37 ಗಾಡಿ ನಿಲ್ಲಿಸಿದಾಗ ನಂಬರ್ ತಾಳೆ ಆಗಲಿಲ್ಲ ಅಂದ್ರ ಗಾಡಿ ಹೋತು, ಗೇರೂ ಹೋತು, ಮನೆಯಾಗ ಮರ್ಯಾದೆನೂ ಹೋತು.

9/10
"ಹಳೇದನ್ನ ರಿಪೇರಿ ಮಾಡ್ಸೋದ್ರಾಗ ಏನು ಮಜಾ?" ಅಂತ ಒಬ್ಬ ದೋಸ್ತ ಕೇಳಿದ. ಮುನಿರಾಬಾದಿನವನಾಗಿ ಈ ಪ್ರಶ್ನೆ ಕೇಳಬಾರದು.

2024ರ ಆಗಸ್ಟ್ 10ರ ರಾತ್ರಿ ನೆನಪೈತಿಲ್ಲ? ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟ್‌ಗಳಲ್ಲಿ 19ನೇ ಗೇಟ್ ಕಿತ್ತುಕೊಂಡು ಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು. ಕಾರಣ ಏನು? ಪ್ರವಾಹ ಅಲ್ಲ, ಭೂಕಂಪ ಅಲ್ಲ. ಒಂದು ಚೈನ್. ಎಪ್ಪತ್ತು ವರ್ಷದ ಹಳೇ ವ್ಯವಸ್ಥೆಯಲ್ಲಿ ಗೇಟನ್ನು ಹಿಡಿದಿದ್ದ ಚೈನಿನ ಕೊಂಡಿ ತುಂಡಾಯಿತು. ತುಂಬಿದ ಡ್ಯಾಮಿನ ನೀರನ್ನು ಬೇರೆ ಗೇಟ್‌ಗಳನ್ನೂ ತೆಗೆದು ಹೊಳೆಗೆ ಬಿಡಬೇಕಾಯಿತು. ಸಿಂಧನೂರು, ರಾಯಚೂರಿನ ತನಕ ಕಾಲುವೆ ನಂಬಿದ ರೈತರು ಉಸಿರು ಬಿಗಿಹಿಡಿದು ಕೂತರು. ಕನ್ನಯ್ಯ ನಾಯ್ಡು ಅನ್ನೋ ಹಿರಿಯ ತಜ್ಞರ ಮುಂದಾಳತ್ವದಲ್ಲಿ ಹರಿಯೋ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ನೀರು ತಡೆದರು.

ಆ ವಾರ ಇಡೀ ಊರು ಡ್ಯಾಮಿನ ಕಡೆ ಮುಖ ಮಾಡಿ ನಿಂತಿತ್ತು. ಆಗ ಯಾರೂ "ಡ್ಯಾಮಿಗೆ ಹೊಸ ಬಣ್ಣ ಹೊಡಿರಿ, ಲೈಟಿಂಗ್ ಜಾಸ್ತಿ ಮಾಡ್ರಿ" ಅನ್ನಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: "ಚೈನ್ ಯಾಕ ನೋಡಿರಲಿಲ್ಲ?" ಡ್ಯಾಮಿಗೆ ಅಷ್ಟು ಚಂದ ಕೇಳಿದ ಪ್ರಶ್ನೆಯನ್ನು ನಿಮ್ಮ ಗಾಡಿಗೆ ಒಮ್ಮೆ ಕೇಳ್ರಿ. ಚೈನ್ ಯಾಕ ನೋಡಿಲ್ಲ?

10/10
ಹಂಗಾದ್ರ ಏನು ಮಾಡಬೇಕು? ಗೇರ್ ಹಾಕಿಸಬ್ಯಾಡ ಅಂತ ಹೇಳಿ ಎದ್ದು ಹೋಗಂಗಿಲ್ಲ ನಾನು. ಸರದಿ ಹೇಳ್ತೀನಿ, ಸೇವ್ ಮಾಡಿ ಇಟ್ಕೊಳ್ರಿ.

ಒಂದು: ಎರಡೂ ಬ್ರೇಕ್. ಶೂ, ಕೇಬಲ್, ಡ್ರಮ್ ಒಳಮೈ. ಲಿವರ್ ಗ್ರಿಪ್ಪಿಗೆ ಮುಟ್ಟೋದಿದ್ರ ಗಾಡಿ ಹೊರಗ ತೆಗೀಬ್ಯಾಡ್ರಿ.

ಎರಡು: ಟೈರ್. ಗೀರು ಇದ್ದರೆ ಸಾಲದು, ರಬ್ಬರ್ ಒಣಗಿ ಬಿರುಕು ಬಿಟ್ಟಿದ್ರ ಅದೂ ಸತ್ತ ಟೈರೇ.

ಮೂರು: ಚೈನ್ ಸ್ಪ್ರಾಕೆಟ್. ಹಿಂದಿನ ಸ್ಪ್ರಾಕೆಟ್ ಮೇಲಿರೋ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೀರಿ. ಅರ್ಧ ಹಲ್ಲಿಗಿಂತ ಹೆಚ್ಚು ಕಂಡಿತು ಅಂದ್ರ ಚೈನ್ ಮುಗೀತು. ಬದಲಿಸುವಾಗ ಚೈನ್ ಒಂದೇ ಬ್ಯಾಡ, ಸ್ಪ್ರಾಕೆಟ್ ಎರಡೂ ಜೊತೆಗೆ.

ನಾಲ್ಕು: ಆಯಿಲ್ ಸೀಲ್. ಬಿಳಿ ಹೊಗೆ ಜಾಸ್ತಿ ಬಂದು ಗೇರ್ ಆಯಿಲ್ ತಾನೇ ಕಡಿಮೆ ಆಗ್ತಿದ್ರ ಕ್ಲಚ್ ಕಡೆಯ ಸೀಲ್ ಮೇಲೆ ಸಂಶಯ ಪಡ್ರಿ. ಇನ್ನೊಂದು ಕಡೆಯ ಸೀಲ್ ಹೋಗಿದ್ರ ಗಾಳಿ ಒಳಗ ಎಳೆದು ಪೆಟ್ರೋಲ್ ಮಿಶ್ರಣ ತೆಳ್ಳಗಾಗಿ ಪಿಸ್ಟನ್ ಜಾಮ್ ಆಗ್ತೈತಿ. 2ಟಿ ಆಯಿಲ್ ಬೇರೆ, ಗೇರ್ ಆಯಿಲ್ ಬೇರೆ. ಒಂದು ಹಾಕಿದ್ರ ಇನ್ನೊಂದು ಆತು ಅಂತ ತಿಳೀಬ್ಯಾಡ್ರಿ.

ಐದು: ಕ್ಲಚ್ ಪ್ಲೇಟ್, ಕ್ಲಚ್ ಕೇಬಲ್. "ಗೇರ್ ಬೀಳ್ತಾ ಇಲ್ಲ" ಅನ್ನೋ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಗೇರಿಂದಲ್ಲ, ಪೂರ್ತಿ ಬಿಡದ ಕ್ಲಚ್ಚಿಂದು.

ಆರು: ಈ ಐದೂ ಸರಿ ಇದ್ದು, ಇಂಜಿನ್ ಬಿಚ್ಚಲೇಬೇಕಾದ ಕಾಲ ಬಂದಾಗ, ಹಲ್ಲು ಎಣಿಸಿ, ಬೇರಿಂಗ್ ಸೀಲ್ ಎಲ್ಲಾ ಹೊಸದು ಹಾಕಿ, ನಿಮ್ಮದೇ ಕ್ರ್ಯಾಂಕ್‌ಕೇಸ್ ಉಳಿಸಿಕೊಂಡು, ಆರ್‌ಟಿಒದಲ್ಲಿ ಮೊದಲೇ ಕೇಳಿ, ಆಮೇಲೆ ಐದನೇ ಗೇರಿನ ಮಾತಾಡ್ರಿ. ಅವತ್ತು ನಾನೇ ಬಂದು ಫೋಟೋ ಹೊಡೀತೀನಿ.

ಬಹಳ ಮಂದಿಗೆ ಐದನೇ ಕೆಲಸ ಮುಗಿಯೋದ್ರಾಗ ಆರನೇದು ಬೇಕು ಅನ್ನಿಸಂಗಿಲ್ಲ. ಯಾಕಂದ್ರ ಅಷ್ಟೊತ್ತಿಗೆ ಆ ನಾಲ್ಕು ಗೇರಿನ ಗಾಡಿ ಮೊದಲ ದಿನದ ಹಂಗ ಓಡಾಕತ್ತಿರ್ತೈತಿ. ನಿಮಗ ಬೇಕಾಗಿದ್ದದ್ದು ಅದೇ ಆಗಿತ್ತು. ಅದು ಕೆಟ್ಟಿದ್ದಕ್ಕೆ ಹೊಸ ಗೇರ್ ಬೇಕು ಅನ್ನಿಸಿತ್ತು.

ಗ್ಯಾರೇಜ್ ನಡೆಸೋ ಅಣ್ಣಂದಿರಿಗೂ ಒಂದು ಮಾತು. ಹುಡುಗ ಐದು ಗೇರ್ ಕೇಳಿಕೊಂಡು ಬಂದಾಗ "ಮೊದಲು ಬ್ರೇಕ್ ತೋರ್ಸು ತಮ್ಮ" ಅನ್ರಿ. ಒಂದು ಗಿರಾಕಿ ಸಿಟ್ಟಾಗಿ ಹೋಗಬಹುದು. ಹೋಗಲಿ. ಬ್ರೇಕ್ ಇದ್ದವನು ತಿರುಗಿ ಬರ್ತಾನ.

ಇವತ್ತು ಸಂಜೆ ನಿಮ್ಮ ಗಾಡಿಯ ಮುಂದಿನ ಬ್ರೇಕ್ ಲಿವರ್ ಹಿಡಿದು ಒಂದು ಫೋಟೋ ತಗೊಳ್ರಿ. ಗ್ರಿಪ್ಪಿಗೂ ಲಿವರ್ರಿಗೂ ನಡುವೆ ಎಷ್ಟು ಬೆರಳು ಜಾಗ ಐತಿ ಅಂತ ಸ್ಟೋರಿಗೆ ಹಾಕಿ ನನ್ನ ಟ್ಯಾಗ್ ಮಾಡ್ರಿ. ಗೇರ್ ಎಷ್ಟು ಅಂತ ಹಾಕಬ್ಯಾಡ್ರಿ, ಅದನ್ನು ಯಾರೂ ಕೇಳಿಲ್ಲ.

#ಮುನಿರಾಬಾದ್ #ಕೊಪ್ಪಳ #ಕೆಎ37 #ಆರ್‌ಎಕ್ಸ್100 #ಜಾವಾಯೆಜ್ಡಿ #ಮೊದಲುಬ್ರೇಕ್